ಪ್ಲಗ್ ಮೇಲಿದ್ದ ಏಳು: ಹಳೇ ಆಕ್ಟೇವಿಯಾ ಆರ್‌ಎಸ್ ರಿಪೇರಿ ದಿನಚರಿ

ಗುಂಡ್ಯದಿಂದ ಮೇಲೆ ಹತ್ತುವಾಗ ಮೊದಲ ಸಲ ಗೊತ್ತಾಯಿತು. ಶಿರಾಡಿ ಘಾಟಿ, ಮೂರನೇ ಗೇರು, ಸುಮಾರು 2,500 ಆರ್‌ಪಿಎಂ. ಮುಂದೆ ರಸ್ತೆ ಖಾಲಿ ಇತ್ತು, ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಟರ್ಬೊ ಎಳೆಯೋಕೆ ಶುರು ಮಾಡಿದ ಕೂಡಲೇ ಗಾಡಿ ಮುಗ್ಗರಿಸಿತು. ಯಾರೋ ಹಿಂದಿನಿಂದ ಬಂಪರ್ ಹಿಡಿದು ಎಳೆದ ಹಾಗೆ. ಚೆಕ್ ಎಂಜಿನ್ ದೀಪ ಮಿನುಗಿತು. ಕಾಲು ತೆಗೆದೆ, ಸರಿಯಾಯಿತು. ಮತ್ತೆ ಒತ್ತಿದೆ, ಮತ್ತೆ ಅದೇ.

ದೀಪ ಸುಮ್ನೆ ಉರಿಯೋದು ಬೇರೆ, ಮಿನುಗೋದು ಬೇರೆ. ಉರಿದರೆ ಏನೋ ತಪ್ಪು ದಾಖಲಾಗಿದೆ ಅಂತ ಅರ್ಥ, ಮನೆ ತನಕ ಹೋಗಿ ನೋಡಬಹುದು. ಮಿನುಗಿದರೆ ಪೆಟ್ರೋಲ್ ಸಿಲಿಂಡರ್ ಒಳಗೆ ಸುಡದೆ ಹಾಗೇ ಸೈಲೆನ್ಸರ್ ಕಡೆ ಹೋಗುತ್ತಿದೆ ಅಂತ ಅರ್ಥ. ಅದು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಸುಡುತ್ತದೆ, ಕನ್ವರ್ಟರನ್ನೇ ಕರಗಿಸಿಬಿಡುತ್ತದೆ. ಪೆಟ್ರೋಲ್‌ಗೆ ಕಿಡಿ ಹೊತ್ತಿಸುವ ನಾಲ್ಕು ಸ್ಪಾರ್ಕ್ ಪ್ಲಗ್‌ಗಿಂತ ಅದರ ಬೆಲೆ ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ ದೋಣಿಗಾಲ್ ತಲುಪುವ ತನಕ ಅರ್ಧ ಆಕ್ಸಿಲರೇಟರ್ ಮೀರಲಿಲ್ಲ. ಸಕಲೇಶಪುರದಲ್ಲಿ ಅಕ್ಕನ ಮನೆ ಇದೆ. ಹಾಸನಕ್ಕೆ ಹೋಗೋದು ಬಿಟ್ಟು ಅಲ್ಲೇ ಗಾಡಿ ನಿಲ್ಲಿಸಿದೆ.

ಗಾಡಿ 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ ಪೆಟ್ರೋಲ್, 1,781 ಸಿಸಿ, ಒಂದೊಂದು ಸಿಲಿಂಡರ್‌ಗೆ ಐದೈದು ವಾಲ್ವ್, ಒಟ್ಟು ಇಪ್ಪತ್ತು. 150 ಪಿಎಸ್ ಶಕ್ತಿ, 210 ನ್ಯೂಟನ್ ಮೀಟರ್ ಟಾರ್ಕ್, ಅದೂ 1,750 ಆರ್‌ಪಿಎಂನಿಂದಲೇ. ಆ ಕಾಲಕ್ಕೆ ನಮ್ಮ ರಸ್ತೆಯಲ್ಲಿ ಟರ್ಬೊ ಪೆಟ್ರೋಲ್ ಕಾರು ಕಾಣಸಿಗೋದೇ ಅಪರೂಪ. ಕಾಲೇಜಿನಲ್ಲಿದ್ದಾಗ ಒಂದು ಸಲ ಪಕ್ಕದಲ್ಲಿ ಕೂತು ಹೋಗಿದ್ದೆ, ಆಗಿನಿಂದ ಮನಸ್ಸಲ್ಲಿತ್ತು. ನಾಲ್ಕು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಸಿಕ್ಕಿತು. ಆಗ ಓಡೋಮೀಟರ್ 1,12,400 ತೋರಿಸುತ್ತಿತ್ತು. ಮಾರಿದವರು ಬಿಲ್‌ಗಳ ಫೈಲನ್ನೂ ಕೊಟ್ಟಿದ್ದರು. ಅದರಲ್ಲೊಂದು ಬಿಲ್: 98,000 ಕಿ.ಮೀ., ಸ್ಪಾರ್ಕ್ ಪ್ಲಗ್ ನಾಲ್ಕು.

ಈ ಬಿಲ್ಲೇ ನನ್ನನ್ನು ದಾರಿ ತಪ್ಪಿಸಿತು. ಬಿಲ್ ಸುಳ್ಳಲ್ಲ, ಪ್ಲಗ್ ನಿಜವಾಗಿಯೂ ಬದಲಾಗಿತ್ತು. ಆದರೆ ನಾನು ಹಾಕಿದ ಲೆಕ್ಕ ಇಷ್ಟೇ: ಈಗ ಗಾಡಿ ಓಡಿರೋದು 1,14,000. ಅಂದರೆ ಪ್ಲಗ್‌ಗೆ ಆಗಿರೋದು ಹದಿನಾರು ಸಾವಿರ. ಈ ಎಂಜಿನ್‌ಗೆ ಪ್ಲಗ್ 60,000ಕ್ಕೆ ಬದಲಾಯಿಸೋದು ವಾಡಿಕೆ. ಇನ್ನೂ ಮುಕ್ಕಾಲು ಭಾಗ ಆಯಸ್ಸಿದೆ, ಹಾಗಾಗಿ ಪ್ಲಗ್ ಅಲ್ಲ. ಇದು ಕಾಯಿಲ್, ಪ್ಲಗ್‌ಗೆ ಹೆಚ್ಚು ವೋಲ್ಟೇಜ್ ಕೊಡುವ ಭಾಗ.

ಶನಿವಾರ: ಕಾಯಿಲ್ ಅದಲು ಬದಲು

ಲ್ಯಾಪ್‌ಟಾಪ್, ಎಂಜಿನ್ ಕಂಪ್ಯೂಟರ್ ದಾಖಲಿಸಿದ ತಪ್ಪು ಓದುವ ವಿಸಿಡಿಎಸ್ ಸಾಫ್ಟ್‌ವೇರ್‌ನ ಕೇಬಲ್ ಎರಡೂ ಯಾವಾಗಲೂ ಡಿಕ್ಕಿಯಲ್ಲೇ ಇರುತ್ತವೆ. ಹಾಕಿ ನೋಡಿದರೆ ಎರಡು ಕೋಡ್. ಪಿ0300, ಅಂದರೆ ಎಲ್ಲೋ ಮಿಸ್ಸಿಂಗ್ ಆಗುತ್ತಿದೆ, ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಪಿ0303, ಅಂದರೆ ಮೂರನೇ ಸಿಲಿಂಡರ್‌ನಲ್ಲಿ ಆಗುತ್ತಿದೆ. ಫೋಕ್ಸ್‌ವ್ಯಾಗನ್ ಬಳಗದ (ಸ್ಕೋಡಾ ಕೂಡ ಅದರದ್ದೇ) ಗಾಡಿಗಳಲ್ಲಿ ಇವೇ 16684, 16687 ಅಂತಲೂ ಬರುತ್ತವೆ.

ಈ ಎಂಜಿನ್‌ನಲ್ಲಿ ಒಂದೊಂದು ಪ್ಲಗ್ ಮೇಲೆ ಒಂದೊಂದು ಕಾಯಿಲ್ ಕೂತಿರುತ್ತದೆ. ಸ್ಕ್ರೂ ಇಲ್ಲ, ಒತ್ತಿ ಕೂರಿಸಿದ್ದು. ಕಾಯಿಲ್ ಮೇಲೆ ಅನುಮಾನ ಬಂದರೆ ಹೊಸದು ತರೋ ಮುಂಚೆ ಇರೋದನ್ನೇ ಅದಲು ಬದಲು ಮಾಡಿ ನೋಡಬೇಕು. ಖರ್ಚು ಏನೂ ಇಲ್ಲ. ಮೂರನೇದರ ಕಾಯಿಲ್ ಒಂದಕ್ಕೆ, ಒಂದನೇದು ಮೂರಕ್ಕೆ. ಟೈಮಿಂಗ್ ಬೆಲ್ಟ್ ಕಡೆ ಇರೋದು ಒಂದನೇ ಸಿಲಿಂಡರ್, ಅಲ್ಲಿಂದ ಎಣಿಸಬೇಕು. ಕನೆಕ್ಟರ್ ಕ್ಲಿಪ್ ತೆಗೆಯುವಾಗ ಮಾತ್ರ ತಾಳ್ಮೆ ಇರಲಿ. ಇಪ್ಪತ್ತು ವರ್ಷ ಎಂಜಿನ್ ಬಿಸಿಗೆ ಬೆಂದ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ. ನನ್ನದರಲ್ಲಿ ಒಂದು ಆಗಲೇ ಮುರಿದಿತ್ತು, ಟೇಪ್ ಸುತ್ತಿಟ್ಟಿದ್ದರು.

ಕೋಡ್ ಅಳಿಸಿ, ಭಾವನನ್ನು ಕರೆದುಕೊಂಡು ಹೊರಟೆ. ಓಡಿಸಿದ್ದು ಅವರು. ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತೆ. ಮಾರನಹಳ್ಳಿ ತನಕ ಇಳಿದು, ತಿರುಗಿಸಿಕೊಂಡು ಮೇಲೆ.

"ಭಾವ, ಗೇರ್ ಇಳಿಸಬೇಡಿ. ಮೂರರಲ್ಲೇ ಇರಲಿ, ಕೆಳಗಿಂದ ಪೂರ್ತಿ ಒತ್ತಿ."

"ಎಂಜಿನ್‌ಗೆ ಪೆಟ್ಟಾಗಲ್ವೇನೋ?"

"ಎರಡೇ ಎರಡು ಸೆಕೆಂಡ್, ಆಮೇಲೆ ಬಿಟ್ಟುಬಿಡಿ."

ವಿಸಿಡಿಎಸ್‌ನಲ್ಲಿ 15 ಮತ್ತು 16ನೇ ಬ್ಲಾಕ್, ಅಂದರೆ ಮಾಹಿತಿ ಪುಟ, ತೆರೆದರೆ ಯಾವ ಸಿಲಿಂಡರ್ ಎಷ್ಟು ಸಲ ಮಿಸ್ ಹೊಡೆಯಿತು ಅಂತ ಎಣಿಕೆ ಬರುತ್ತದೆ. ಮೊದಲ ಮೂರು ಸಿಲಿಂಡರ್ 15ರಲ್ಲಿ, ನಾಲ್ಕನೇದು 16ರಲ್ಲಿ. ಭಾವ ಒತ್ತಿದರು, ಗಾಡಿ ಮುಗ್ಗರಿಸಿತು, ಎಣಿಕೆ ಏರಿತು. ಒಂದರಲ್ಲಿ ಸೊನ್ನೆ. ಮೂರರಲ್ಲೇ ಏರುತ್ತಿತ್ತು. ಕಾಯಿಲ್ ಬದಲಾದರೂ ರೋಗ ಜಾಗ ಬಿಟ್ಟು ಕದಲಿರಲಿಲ್ಲ.

ಅಂದರೆ ಕಾಯಿಲ್ ಅಲ್ಲ.

ಭಾನುವಾರ ಬೆಳಿಗ್ಗೆ: ಪ್ಲಗ್ ಹೊರಗೆ

ಅಂದೇ ಸಂಜೆ ಪ್ಲಗ್ ತೆಗೆಯೋ ಆಸೆ ಇತ್ತು, ತೆಗೆಯಲಿಲ್ಲ. ಪ್ಲಗ್ ಕೂರುವ ಎಂಜಿನ್ ಹೆಡ್ ಅಲ್ಯೂಮಿನಿಯಂ, ಪ್ಲಗ್ ಉಕ್ಕು. ಬಿಸಿ ಇದ್ದಾಗ ಬಿಚ್ಚಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರಬಹುದು. ರಾತ್ರಿಯಿಡೀ ತಣ್ಣಗಾಗಲು ಬಿಟ್ಟೆ.

ಬೆಳಿಗ್ಗೆ ಕಾಯಿಲ್ ತೆಗೆದು ಮೊದಲು ಮಾಡಿದ್ದು ಬಾವಿಗಳಿಗೆ ಗಾಳಿ ಹೊಡೆದದ್ದು. ಪ್ಲಗ್ ಕೂರುವ ಆ ಆಳದ ತೂತಿನಲ್ಲಿ ವರ್ಷಗಳ ಧೂಳು, ಮರಳಿನ ಕಣ ಕೂತಿರುತ್ತದೆ. ಪ್ಲಗ್ ತೆಗೆದ ಮರುಕ್ಷಣ ಅದೆಲ್ಲ ಸೀದಾ ಸಿಲಿಂಡರ್ ಒಳಗೆ ಬೀಳುತ್ತದೆ. ಸೈಕಲ್ ಪಂಪ್ ಸಾಕು, ಆದರೆ ಇದನ್ನು ಬಿಡಬಾರದು. ಆಮೇಲೆ 16 ಎಂಎಂ ಪ್ಲಗ್ ಸಾಕೆಟ್, ಉದ್ದನೆಯ ಎಕ್ಸ್‌ಟೆನ್ಶನ್. ಕಾಲು ಸುತ್ತು ಬಿಚ್ಚಿ, ಸ್ವಲ್ಪ ಹಿಂದಕ್ಕೆ, ಮತ್ತೆ ಮುಂದಕ್ಕೆ. ನಾಲ್ಕೂ ಸಲೀಸಾಗಿ ಬಂದವು.

ರಟ್ಟಿನ ಮೇಲೆ 1, 2, 3, 4 ಅಂತ ಬರೆದು ಅದರ ಮೇಲೇ ಜೋಡಿಸಿದೆ. ಯಾವ ಪ್ಲಗ್ ಯಾವ ಸಿಲಿಂಡರ್‌ನದು ಅನ್ನೋದು ಕಲೆಸಿಹೋದರೆ ಪ್ಲಗ್ ಓದಿ ಪ್ರಯೋಜನವೇ ಇಲ್ಲ.

ಬಿಳಿ ಪಿಂಗಾಣಿಯ ಮೇಲಿನ ಅಕ್ಷರ ಒರೆಸಿ ನೋಡಿದೆ. ಎನ್‌ಜಿಕೆ ಕಂಪನಿಯದು, ಬಿಕೆಆರ್7ಇ. ನಾಲ್ಕೂ ಅದೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಎಂಜಿನ್‌ಗೆ ಸಾಮಾನ್ಯವಾಗಿ ಹಾಕೋದು ಎನ್‌ಜಿಕೆಯಲ್ಲಿ ಪಿಎಫ್‌ಆರ್6ಕ್ಯೂ. ಅದು ಪ್ಲಾಟಿನಂ ತುದಿಯದು. 60,000ದ ಲೆಕ್ಕ ಅಂಥ ಪ್ಲಗ್‌ಗೆ. ಬಿಕೆಆರ್ ಸಾಲಿನದು ಸಾದಾ ನಿಕಲ್ ತುದಿ. ಜನ ಇದನ್ನು ಕಾಪರ್ ಪ್ಲಗ್ ಅಂತಾರೆ. ತಾಮ್ರ ಇರೋದು ಒಳಗಿನ ತಿರುಳಿನಲ್ಲಿ, ಅದು ಪ್ಲಾಟಿನಂ ಪ್ಲಗ್‌ನಲ್ಲೂ ಇರುತ್ತದೆ. ಕಿಡಿ ಹಾರುವ ತುದಿ ಮಾತ್ರ ನಿಕಲ್ ಮಿಶ್ರಲೋಹ. ನಿಕಲ್ ಕರಗೋದು 1,455 ಡಿಗ್ರಿಗೆ, ಪ್ಲಾಟಿನಂ 1,768ಕ್ಕೆ. ಪ್ರತಿ ಕಿಡಿಯೂ ತುದಿಯಿಂದ ಒಂದಿಷ್ಟು ಲೋಹ ಕಿತ್ತುಕೊಂಡು ಹೋಗುತ್ತದೆ, ನಿಕಲ್‌ನಿಂದ ಜಾಸ್ತಿ ಕೀಳುತ್ತದೆ. ಟರ್ಬೊ ಎಂಜಿನ್‌ನಲ್ಲಿ ನಿಕಲ್ ಪ್ಲಗ್‌ಗೆ ಹದಿನಾರು ಸಾವಿರ ಅಂದರೆ ಅದು ಮುದುಕ. ನಾನು ಎಳೆಯದು ಅಂದುಕೊಂಡಿದ್ದೆ.

ಇನ್ನು ಆ ಏಳು. ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣನೆಯದು, ಅಂದರೆ ತುದಿಯ ಬಿಸಿಯನ್ನು ಬೇಗ ಹೆಡ್‌ಗೆ ದಾಟಿಸುತ್ತದೆ. ಬಾಷ್‌ನಲ್ಲಿ ಲೆಕ್ಕ ಉಲ್ಟಾ, ಅಂಕಿ ಚಿಕ್ಕದಾದಷ್ಟೂ ತಣ್ಣಗೆ. ಎರಡನ್ನೂ ಕಲೆಸಿಕೊಂಡು ತಪ್ಪು ಪ್ಲಗ್ ಹಾಕಿದವರು ಬೇಕಾದಷ್ಟು ಜನ. ಕಾರ್ಖಾನೆಯಿಂದ ಬಂದ ಹಾಗೇ, ಅಂದರೆ ಸ್ಟಾಕ್ ಆಗಿ, ಇರುವ ಈ ಎಂಜಿನ್‌ಗೆ ಆರು ಸರಿ. ಏಳು ಹಾಕೋದು ರಿಮ್ಯಾಪ್ ಮಾಡಿ, ಅಂದರೆ ಎಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಾಯಿಸಿ, ಟರ್ಬೊ ಒತ್ತಡ ಏರಿಸಿದಾಗ. ನನಗೆ ಮಾರಿದವರು ಗಾಡಿ ಸ್ಟಾಕ್ ಅಂದಿದ್ದರು.

ಪ್ಲಗ್ ಓದಿದ್ದು

ಒಂದು, ಎರಡು, ನಾಲ್ಕು: ತುದಿಯ ಸುತ್ತ ಒಣ ಮಸಿ. ಬೆರಳಿಟ್ಟರೆ ಬೆರಳಿಗೆ ಅಂಟುವಂಥದ್ದು. ಎಣ್ಣೆ ಪಸೆ ಇಲ್ಲ. ಮೂರನೇದರಲ್ಲೂ ಅದೇ ಮಸಿ, ಇನ್ನೂ ದಪ್ಪ.

ಪ್ಲಗ್ ತುದಿ ಸುಮಾರು 450 ಡಿಗ್ರಿ ದಾಟಿದರೆ ಮಸಿ ತಾನಾಗೇ ಸುಟ್ಟುಹೋಗುತ್ತದೆ. ತಣ್ಣನೆಯ ಪ್ಲಗ್, ಮೇಲೆ ಬೆಂಗಳೂರಿನ ಟ್ರಾಫಿಕ್. ಸಿಲ್ಕ್ ಬೋರ್ಡ್‌ನಲ್ಲಿ ಅರ್ಧ ಗಂಟೆ ಐಡಲ್ ನಿಂತರೆ ಆ ಬಿಸಿ ಎಲ್ಲಿಂದ ಬರಬೇಕು? ಹಾಗಂತ ತೀರಾ ಬಿಸಿ ಪ್ಲಗ್ ಹಾಕೋ ಹಾಗೂ ಇಲ್ಲ. ತುದಿ 800 ದಾಟಿ ಇನ್ನೂ ಕಾದರೆ ಕಿಡಿಗೆ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ, ಪಿಸ್ಟನ್ ತೂತಾಗುತ್ತದೆ. ಆ ಭಯಕ್ಕೆ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಬಿಳಿ ಗುಳ್ಳೆ ಇಲ್ಲ. ಅಲ್ಯೂಮಿನಿಯಂನ ಹೊಳೆಯುವ ಚುಕ್ಕೆ ಇಲ್ಲ. ಆ ಚುಕ್ಕೆ ಕಂಡಿದ್ದರೆ ಪಿಸ್ಟನ್ ಆಗಲೇ ಉದುರಲು ಶುರುವಾಗಿದೆ ಅಂತ. ಸಮಾಧಾನವಾಯಿತು.

ಊರಿನ ಮೆಕ್ಯಾನಿಕ್ ಅಣ್ಣ ಅಷ್ಟೊತ್ತಿಗೆ ಬಂದಿದ್ದರು. ಎರಡನೇ ಪ್ಲಗ್ ಎತ್ತಿ, ಬಿಳಿ ಪಿಂಗಾಣಿ ಲೋಹ ಸೇರುವಲ್ಲಿ ಇದ್ದ ಕಂದು ಉಂಗುರ ತೋರಿಸಿದರು. "ಕಂಪ್ರೆಶನ್ ಲೀಕ್ ಆಗ್ತಿದೆ ಸಾರ್ ಇಲ್ಲಿ." ನೋಡಿದರೆ ಹಾಗೇ ಅನ್ನಿಸುತ್ತದೆ, ತಪ್ಪೇನಿಲ್ಲ. ಆದರೆ ಅದು ಲೀಕ್ ಅಲ್ಲ. ಹೆಚ್ಚು ವೋಲ್ಟೇಜ್ ಇರುವ ಕಡೆ ಸುತ್ತಲಿನ ಗಾಳಿಯಲ್ಲಿರುವ ಎಣ್ಣೆಯ ಸಣ್ಣ ಕಣಗಳು ಬಂದು ಪಿಂಗಾಣಿಗೆ ಅಂಟುತ್ತವೆ, ವರ್ಷ ಕಳೆದಂತೆ ಉಂಗುರವಾಗುತ್ತದೆ. ಪ್ಲಗ್ ಕೆಲಸಕ್ಕೆ ಇದರಿಂದ ತೊಂದರೆ ಇಲ್ಲ. ಚಿಂತೆ ಮಾಡಬೇಕಾದ್ದು ಪಿಂಗಾಣಿಯ ಉದ್ದಕ್ಕೂ ಪೆನ್ಸಿಲ್ ಗೀಟಿನ ಹಾಗೆ ಸಣ್ಣ ಕಪ್ಪು ಗೆರೆ ಕಂಡರೆ. ಕಿಡಿ ತುದಿಯಲ್ಲಿ ಹಾರದೆ ಹೊರಗಿಂದಲೇ ಇಳಿದುಹೋದ ಗುರುತು ಅದು. ನನ್ನ ನಾಲ್ಕರಲ್ಲೂ ಇರಲಿಲ್ಲ, ಕಾಯಿಲ್‌ನ ರಬ್ಬರ್ ಒಳಗೂ ಇರಲಿಲ್ಲ.

ಆದರೆ ಅಣ್ಣನ ಕಣ್ಣಿಗೆ ಇನ್ನೊಂದು ಬಿತ್ತು, ನಾನು ನೋಡಿರಲಿಲ್ಲ. ಮೂರನೇ ಪ್ಲಗ್‌ನ ನಟ್ ಹತ್ತಿರ, ಹೊರಗಡೆ, ಎಣ್ಣೆ ಪಸೆ. "ಟ್ಯಾಪೆಟ್ ಕವರ್ ಪ್ಯಾಕಿಂಗ್ ಒಸರ್ತಿದೆ ಸಾರ್." ಅಂದರೆ ಎಂಜಿನ್ ತಲೆಯ ಮೇಲಿನ ಮುಚ್ಚಳದ ಸೀಲ್. ಟಾರ್ಚ್ ಬಿಟ್ಟು ನೋಡಿದೆ, ಬಾವಿಯ ಗೋಡೆ ಮಿನುಗುತ್ತಿತ್ತು. ಎಣ್ಣೆ ಪ್ಲಗ್‌ನ ಹೊರಗೆ ಇದ್ದರೆ ಪ್ಯಾಕಿಂಗ್ ಕೆಲಸ. ಉರಿಯುವ ತುದಿಯಲ್ಲೇ ಇದ್ದರೆ ರಿಂಗ್, ವಾಲ್ವ್ ಸೀಲ್, ಟರ್ಬೊ ಅಂತ ದೊಡ್ಡ ಪಟ್ಟಿ. ನನ್ನದು ಹೊರಗಿನದು.

ಗ್ಯಾಪ್ ಅಳೆದೆ. ಗ್ಯಾಪ್ ಅಂದರೆ ಪ್ಲಗ್‌ನ ನಡುವಿನ ಕಡ್ಡಿಗೂ ಮೇಲಿನ ಕೊಕ್ಕೆಗೂ ಮಧ್ಯೆ ಕಿಡಿ ಹಾರುವ ಸಂದು. ಇರಬೇಕಾದ್ದು 0.8 ಎಂಎಂ. ಒಂದು ಮತ್ತು ಎರಡರಲ್ಲಿ 0.95, ನಾಲ್ಕರಲ್ಲಿ 1.0, ಮೂರರಲ್ಲಿ 1.1. ನಡುವಿನ ಕಡ್ಡಿಯ ಅಂಚು ಹೊಸದರಲ್ಲಿ ಚೂಪಾಗಿ ಕತ್ತರಿಸಿದ ಹಾಗಿರುತ್ತದೆ. ಇದು ಸವೆದ ಪೆನ್ಸಿಲ್ ತುದಿಯ ಹಾಗೆ ಗುಂಡಗಾಗಿತ್ತು.

0.3 ಎಂಎಂ ಅಂದರೆ ಮೂರು ಹಾಳೆ ಕಾಗದದಷ್ಟು. ಇಷ್ಟಕ್ಕೇ ಗಾಡಿ ಮುಗ್ಗರಿಸುತ್ತಾ? ಚಪ್ಪಟೆ ರಸ್ತೆಯಲ್ಲಿ ಇಲ್ಲ, ಅದಕ್ಕೇ ಹಾಸನ-ಬೆಂಗಳೂರು ಹೈವೇಯಲ್ಲಿ ನನಗೆ ಏನೂ ಗೊತ್ತಾಗಿರಲಿಲ್ಲ. ಕಿಡಿ ಹಾರಬೇಕಾದ್ದು ಗಾಳಿಯ ಮೂಲಕ. ಗಾಳಿ ಎಷ್ಟು ಒತ್ತಾಗಿ ತುಂಬಿದೆಯೋ ಅಷ್ಟು ಜಾಸ್ತಿ ವೋಲ್ಟೇಜ್ ಬೇಕು. ಗ್ಯಾಪ್ ಹಿಗ್ಗಿದಷ್ಟೂ ಇನ್ನೂ ಬೇಕು. ಅಂಚು ಗುಂಡಗಾದರೆ ಮತ್ತೂ ಬೇಕು, ಯಾಕಂದರೆ ಚೂಪು ಅಂಚಿನಿಂದ ಕಿಡಿ ಸುಲಭವಾಗಿ ನೆಗೆಯುತ್ತದೆ. ಘಾಟಿಯಲ್ಲಿ ಮೂರನೇ ಗೇರ್, ಪೂರ್ತಿ ಆಕ್ಸಿಲರೇಟರ್, ಟರ್ಬೊ ಗಾಳಿ ತುರುಕುತ್ತಿದೆ. ಮೂರು ಕಷ್ಟವೂ ಒಟ್ಟಿಗೆ ಬಂದವು. ಕಾಯಿಲ್ ಅಷ್ಟು ವೋಲ್ಟೇಜ್ ಕೊಡಲಾರದೆ ಸೋತಿತು. ಪಾಪ, ಅದರದ್ದೇನು ತಪ್ಪು. ಇನ್ನೂ ಆರು ತಿಂಗಳು ಹೀಗೇ ಓಡಿಸಿದ್ದರೆ ದಿನವೂ ಮೈಮೇಲೆ ಬಿದ್ದ ಈ ಭಾರಕ್ಕೆ ಕಾಯಿಲ್ಲೇ ಸುಟ್ಟುಹೋಗುತ್ತಿತ್ತು. ಆಮೇಲೆ ಹೊಸ ಕಾಯಿಲ್ ಹಾಕಿ, ಹಳೇ ಪ್ಲಗ್ ಹಾಗೇ ಬಿಟ್ಟು, ಅದನ್ನೂ ಸುಡೋದು. ಇದು ಬಹಳ ಜನರಿಗೆ ಆಗಿರೋದೇ.

ಇಷ್ಟೆಲ್ಲ ಗೊತ್ತಾದರೂ ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಮೂರನೇ ಪ್ಲಗ್ ಒಂದಕ್ಕೆ ಹಾಕಿದೆ, ಒಂದನೇದು ಮೂರಕ್ಕೆ. ಹಳೇ ಪ್ಲಗ್ ಮತ್ತೆ ಹಾಕುವಾಗ ವಾಷರ್ ಆಗಲೇ ಅಮುಕಿರುತ್ತದೆ, ಹಾಗಾಗಿ ಕೈಯಲ್ಲಿ ಬಿಗಿಯಾದ ಮೇಲೆ ಹನ್ನೆರಡರಲ್ಲಿ ಒಂದು ಭಾಗ ಸುತ್ತಿದರೆ ಸಾಕು. ಮತ್ತೆ ಭಾವ, ಮತ್ತೆ ಮಾರನಹಳ್ಳಿ. ಮೂರರಲ್ಲಿ ಸೊನ್ನೆ. ಒಂದರಲ್ಲಿ ಎಣಿಕೆ ಓಡಿತು, ಪಿ0301. ರೋಗ ಪ್ಲಗ್ ಜೊತೆಗೇ ಹೋಗಿತ್ತು.

ಅದೇ ಓಟದಲ್ಲಿ 115ನೇ ಬ್ಲಾಕ್ ಕೂಡ ನೋಡಿದೆ, ಟರ್ಬೊ ಒತ್ತಡದ್ದು. 1,600 ಮಿಲಿಬಾರ್ ಮೀರಲಿಲ್ಲ. ಅದರಲ್ಲಿ ಹೊರಗಿನ ಗಾಳಿಯದ್ದೇ 900ಕ್ಕೂ ಜಾಸ್ತಿ. ರಿಮ್ಯಾಪ್ ಆದ ಇಂಥ ಎಂಜಿನ್ ಇದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ಹಾಗಾದರೆ ಆ ಏಳು ಯಾಕೆ? ಸಂಜೆ ಮಾರಿದವರಿಗೆ ಫೋನ್ ಮಾಡಿದೆ.

"ಸಾರ್, ಗಾಡಿ ಯಾವಾಗಲಾದರೂ ರಿಮ್ಯಾಪ್ ಮಾಡಿಸಿದ್ರಾ?"

"ಹೌದು, ಎರಡು ವರ್ಷ ಇತ್ತು. ಮಾರೋ ಮುಂಚೆ ಸ್ಟಾಕ್‌ಗೆ ತಂದೆ. ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಪ್ಲಗ್ ಮಾತ್ರ ಹಾಗೇ ಉಳಿಯಿತು ನೋಡಿ."

ಕೋಪ ಬರಲಿಲ್ಲ. ನಾನು ಕೇಳಬೇಕಿತ್ತು. ಓಡಿಸುವ ಖುಷಿಗೆ ಕೊಂಡ ಹಳೇ ಕಾರಿನಲ್ಲಿ ಪ್ಲಗ್ ಎಷ್ಟು ಕಿಲೋಮೀಟರ್ ಹಳೇದು ಅನ್ನೋ ಪ್ರಶ್ನೆ ಎರಡನೇದು. ಮೊದಲನೇದು, ಅದು ಯಾವ ಪ್ಲಗ್, ಯಾವ ಟ್ಯೂನ್‌ಗೆ ಅಂತ ಹಾಕಿದ್ದು? ಬಿಲ್‌ನಲ್ಲಿ "ಸ್ಪಾರ್ಕ್ ಪ್ಲಗ್ ನಾಲ್ಕು" ಅಂತ ಮಾತ್ರ ಇದ್ದರೆ ಅದರಿಂದ ಏನೂ ತಿಳಿಯೋದಿಲ್ಲ. ಬಿಚ್ಚಿ ಓದಲೇಬೇಕು. ಅರ್ಧ ಗಂಟೆ ಕೆಲಸ.

ಹೊಸದು

ನಿಕಲ್ ಪ್ಲಗ್ ಗ್ಯಾಪ್ ತಟ್ಟಿ ಸರಿಮಾಡಬಹುದು. ಅಣ್ಣ ಅದನ್ನೇ ಹೇಳಿದರು, "ಒರೆಸಿ, ತಟ್ಟಿ ಹಾಕಿ ಸಾರ್, ಇನ್ನೂ ಐದು ಸಾವಿರ ಓಡುತ್ತೆ." ಓಡುತ್ತದೆ, ನಿಜ. ಆದರೆ ಗುಂಡಗಾದ ಅಂಚು ಚೂಪಾಗೋದಿಲ್ಲ, ಏಳು ಆರು ಆಗೋದಿಲ್ಲ. ಹೊಸದೇ ಅಂತ ತೀರ್ಮಾನಿಸಿದೆ.

ಮುಂದಿನ ವಾರ ಬೆಂಗಳೂರಿನಲ್ಲಿ ಕೆಲಸ ಇತ್ತು, ಜೆ.ಸಿ. ರಸ್ತೆಗೆ ಹೋದೆ. ಮೊದಲ ಅಂಗಡಿಯಲ್ಲಿ ತೋರಿಸಿದ ಪ್ಲಗ್ ತಗೊಳ್ಳಲಿಲ್ಲ. ಡಬ್ಬ ಚೆನ್ನಾಗಿತ್ತು. ಆದರೆ ನಡುವಿನ ಕಡ್ಡಿಯೂ ಮೇಲಿನ ಕೊಕ್ಕೆಯೂ ಒಂದೇ ನೇರಕ್ಕೆ ಇರಲಿಲ್ಲ, ಪಿಂಗಾಣಿಯ ಅಕ್ಷರ ಮಸುಕಾಗಿತ್ತು, ವಾಷರ್ ಸಲೀಸಾಗಿ ಕೈಗೆ ಕಳಚಿ ಬಂತು. ಹೆಸರುವಾಸಿ ಪ್ಲಗ್‌ಗಳ ನಕಲು ಮಾಲು ಬೇಕಾದಷ್ಟಿದೆ, ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡಿ. ಮೂರನೇ ಅಂಗಡಿಯಲ್ಲಿ ಪಿಎಫ್‌ಆರ್6ಕ್ಯೂ ನಾಲ್ಕು ಸಿಕ್ಕಿತು.

ಹಾಕೋ ಮುಂಚೆ ನಾಲ್ಕರ ಗ್ಯಾಪ್ ಅಳೆದೆ. ಎಲ್ಲ 0.8ರ ಹತ್ತಿರವೇ ಇತ್ತು, ಮುಟ್ಟಲಿಲ್ಲ. ಪ್ಲಾಟಿನಂ ತುದಿಗೆ ಗೇಜ್ ಒತ್ತಿ ಮೀಟಿದರೆ ಅದು ಎಗರಿಹೋಗಬಹುದು, ಬಗ್ಗಿಸೋದಿದ್ದರೆ ಮೇಲಿನ ಕೊಕ್ಕೆ ಮಾತ್ರ.

ಪ್ಲಗ್‌ನ ತಲೆಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ, ಅದನ್ನೇ ಹಿಡಿದು ಬಾವಿಗಿಳಿಸಿ ತಿರುಗಿಸಿದೆ. ಥ್ರೆಡ್ ಅಡ್ಡ ಹೋದರೆ ಪೈಪ್ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಸ್ಪಾನರ್‌ನಲ್ಲಿ ಶುರು ಮಾಡಿದರೆ ಆ ಜಾರುವ ಅವಕಾಶವೇ ಇಲ್ಲ. ತಳ ಮುಟ್ಟಿದ ಮೇಲೆ ಟಾರ್ಕ್ ರೆಂಚ್, 30 ನ್ಯೂಟನ್ ಮೀಟರ್, ಥ್ರೆಡ್ ಒಣಗಿದ್ದ ಹಾಗೇ. ಗ್ರೀಸ್ ಬಳಿದು ಅದೇ ಅಳತೆಗೆ ಬಿಗಿದರೆ ನಿಜವಾಗಿ ಜಾಸ್ತಿ ಬಿಗಿಯುತ್ತದೆ. ಗ್ರೀಸ್ ಬೇಕಾದ್ದು ಕಾಯಿಲ್‌ನ ರಬ್ಬರ್ ಒಳಗಂಚಿಗೆ, ಅದೂ ಡೈಎಲೆಕ್ಟ್ರಿಕ್ ಗ್ರೀಸ್, ತೆಳ್ಳಗೆ. ಮುಂದಿನ ಸಲ ಸುಲಭವಾಗಿ ಕಳಚುತ್ತದೆ. ಮೂರನೇ ಬಾವಿಯ ಎಣ್ಣೆ ಬಟ್ಟೆ ಸುತ್ತಿದ ಕಡ್ಡಿಯಲ್ಲಿ ಒರೆಸಿದೆ.

ಮತ್ತೆ ಗುಂಡ್ಯ

ಈ ಸಲ ಗುಂಡ್ಯದಿಂದಲೇ ಶುರು. ಭಾವ ಸ್ಟೀರಿಂಗ್‌ನಲ್ಲಿ. ಮೂರನೇ ಗೇರ್, 2,000ದಿಂದ ಪೂರ್ತಿ. ಗಾಡಿ ಎಳೆದುಕೊಂಡು ಹೋದ ರೀತಿ ನೋಡಿ ಭಾವ ಒಂದು ಸಲ ನನ್ನ ಕಡೆ ತಿರುಗಿದರು, ಮಾತಾಡಲಿಲ್ಲ. 15ರಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. 16ರಲ್ಲಿ ಸೊನ್ನೆ. ದೋಣಿಗಾಲ್ ತನಕ ಒಂದೂ ಏರಲಿಲ್ಲ.

ಮೂರು ಸಾವಿರ ಕಿಲೋಮೀಟರ್ ಆದ ಮೇಲೆ ಮೂರನೇದನ್ನು ಮಾತ್ರ ಬಿಚ್ಚಿ ನೋಡಿದೆ. ಪಿಂಗಾಣಿ ತುದಿ ಮಾರಿ ಬಿಸ್ಕತ್ತಿನ ಬಣ್ಣ. ಮಸಿ ಇಲ್ಲ, ಗ್ಯಾಪ್ 0.8. ಇನ್ನು ಮುಂದೆ 20,000ಕ್ಕೊಮ್ಮೆ ಬಿಚ್ಚಿ ಅಳೆಯೋದು, 1.0 ಮುಟ್ಟಿದರೆ ಅಥವಾ 40,000 ಆದರೆ ಬದಲಾಯಿಸೋದು ಅಂತ ಇಟ್ಟುಕೊಂಡಿದ್ದೇನೆ. 60,000 ತನಕ ಕಾಯೋದಿಲ್ಲ. ಹಳೇ ಕಾಯಿಲ್‌ಗಳನ್ನು ಇನ್ನಷ್ಟು ವರ್ಷ ಉಳಿಸಿಕೊಳ್ಳೋ ಆಸೆ.

ಎಂಜಿನ್ ಕವರ್ ಒಳಗಡೆ ಮಾಸ್ಕಿಂಗ್ ಟೇಪ್ ಅಂಟಿಸಿ ಬರೆದಿದ್ದೇನೆ: 1,14,600 ಕಿ.ಮೀ., ಪಿಎಫ್‌ಆರ್6ಕ್ಯೂ, 0.8, 30 ನ್ಯೂಟನ್ ಮೀಟರ್, ಸ್ಟಾಕ್ ಟ್ಯೂನ್. ಮೂರನೇ ಬಾವಿಯಲ್ಲಿ ಮತ್ತೆ ಸ್ವಲ್ಪ ಎಣ್ಣೆ ಒಸರಿದೆ. ಟ್ಯಾಪೆಟ್ ಕವರ್ ಪ್ಯಾಕಿಂಗ್ ಹೇಳಿಟ್ಟಿದ್ದೇನೆ, ಬಂದ ಶನಿವಾರ ಅದನ್ನು ಹಾಕಬೇಕು.